ಸೇಂಟ್ ಬ್ರೆಲೇಡ್‌ನಲ್ಲಿ ಇಬ್ಬರ ಮನೆ

ಜರ್ಸಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಲ್ಲಿರುವ ಚಿಕ್ಕ ದ್ವೀಪ. ಸೇಂಟ್ ಹೀಲಿಯರ್‌ನಲ್ಲಿ ಬಸ್ಸು ಹತ್ತಿದರೆ ಸೇಂಟ್ ಬ್ರೆಲೇಡ್ ಕೊಲ್ಲಿ ಬೇಗ ಬಂದುಬಿಡುತ್ತದೆ. ನಮ್ಮೂರ ಕೊಟ್ಟಿಗೆಗಳಲ್ಲಿ ಕಾಣುವ ಜರ್ಸಿ ಹಸುವಿನ ತವರು ಇದೇ. ನಾನು ಬಂದದ್ದು ಮಾತ್ರ ವೇಷ ತೊಟ್ಟು ತೆಗೆದ ಫೋಟೋಗಳಿಗೆ ಹೆಸರಾದ ಕಲಾವಿದ ಜೋಡಿ ಕ್ಲೋಡ್ ಕಾಹೂನ್, ಮಾರ್ಸೆಲ್ ಮೂರ್ ಬಾಳಿದ ಜಾಗ ನೋಡಬೇಕೆಂದು.

ಇಬ್ಬರೂ ಫ್ರಾನ್ಸಿನ ನಾಂತ್ ಊರಿನವರು. ಕಾಹೂನ್‌ಗೆ ಮನೆಯವರು ಇಟ್ಟ ಹೆಸರು ಲೂಸಿ ಶ್ವೋಬ್, ಮೂರ್‌ಗೆ ಸುಝಾನ್ ಮಾಲೆರ್ಬ್. ಹರೆಯದಲ್ಲೇ ಒಬ್ಬರನ್ನೊಬ್ಬರು ಪ್ರೀತಿಸಿದರು. ಆಮೇಲೆ ಲೂಸಿಯ ಅಪ್ಪ ಸುಝಾನ್‌ರ ಅಮ್ಮನನ್ನು ಮದುವೆಯಾದರು. ಹಾಗಾಗಿ ಊರಿನವರ ಲೆಕ್ಕದಲ್ಲಿ ಇವರು ಅಕ್ಕ-ತಂಗಿ. 1937ರಲ್ಲಿ ಪ್ಯಾರಿಸ್ ಬಿಟ್ಟು ಇಲ್ಲಿಗೆ ಬಂದರು.

ಇವರ ಫೋಟೋಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು 1927ರದ್ದು. ಕಾಹೂನ್ ಗರಡಿ ಪೈಲ್ವಾನನ ವೇಷದಲ್ಲಿ ಕೂತಿದ್ದಾರೆ. ತೊಡೆಯ ಮೇಲೆ ಡಂಬೆಲ್. ಕೆನ್ನೆಗಳ ಮೇಲೆ ಬರೆದುಕೊಂಡ ಪುಟ್ಟ ಹೃದಯಗಳು, ತುಟಿಗೆ ಗಾಢ ಬಣ್ಣ. ಎದೆಯ ಮೇಲೆ ಬರಹ: 'ತಾಲೀಮು ನಡೆದಿದೆ, ಮುತ್ತಿಡಬೇಡಿ'. ಹೆಣ್ಣಿನ ಮೈ ನೋಡುವವರಿಗಾಗಿಯೇ ಇರುವುದು ಎಂಬ ಭಾವನೆಯನ್ನು ಆ ಒಂದು ಸಾಲು ತಡೆದು ನಿಲ್ಲಿಸುತ್ತದೆ. ಇನ್ನೊಂದರಲ್ಲಿ ಬೋಳು ತಲೆ, ಮತ್ತೊಂದರಲ್ಲಿ ಗಂಡಸಿನ ಸೂಟು. ಇವೆಲ್ಲ ಹೆಚ್ಚಾಗಿ ಮನೆಯೊಳಗೆ, ತಮಗಾಗಿ ತೆಗೆದುಕೊಂಡವು. ಎದುರಿಗೆ ಕ್ಯಾಮೆರಾ ಹಿಡಿದು ನಿಲ್ಲುತ್ತಿದ್ದದ್ದು ಬಹುಮಟ್ಟಿಗೆ ಮೂರ್. ಪ್ರೀತಿಸುವವರ ಮುಂದೆ ನಿಂತದ್ದಕ್ಕೇ ಆ ಕಣ್ಣುಗಳಲ್ಲಿ ಅಷ್ಟು ಧೈರ್ಯ ಇರಬೇಕು, ಅಲ್ವಾ?

ಅವರ ಮನೆ 'ಲಾ ರೊಕೇಜ್' ಚರ್ಚಿನ ಪಕ್ಕದಲ್ಲೇ ಇದೆ. ಹೊರಗಿನಿಂದ ನೋಡಿ ಚರ್ಚಿನ ಅಂಗಳಕ್ಕೆ ಬಂದೆ. ಸಾಲು ಸಾಲು ಸಮಾಧಿ, ಅದರಾಚೆ ಮರಳು, ಸಮುದ್ರ. ಕಾಹೂನ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಹಗ್ಗ ಕಟ್ಟಿದ ಬೆಕ್ಕಿನ ಹಿಂದೆ ನಡೆಯುವ ಫೋಟೋ ಒಂದಿದೆ. ಅದು ನೆನಪಾಗಿ ಸುಮ್ನೆ ಅಲ್ಲೇ ಓಡಾಡಿದೆ.

1940ರಿಂದ 1945ರವರೆಗೆ ದ್ವೀಪ ಜರ್ಮನ್ ಸೇನೆಯ ಕೈಯಲ್ಲಿತ್ತು. ಸತ್ತ ಸೈನಿಕರನ್ನು ಇದೇ ಅಂಗಳದಲ್ಲಿ ಹೂಳುತ್ತಿದ್ದರು. ಇವರಿಬ್ಬರೂ ಕದ್ದು ರೇಡಿಯೋ ಕೇಳಿ, ಯುದ್ಧದ ಸುದ್ದಿಯನ್ನು ಚೀಟಿಗಳಲ್ಲಿ ಟೈಪ್ ಮಾಡಿ, ಸೈನಿಕರ ಜೇಬಿಗೆ, ಸಿಗರೇಟ್ ಪ್ಯಾಕಿಗೆ ತುರುಕುತ್ತಿದ್ದರು. ಮೂರ್‌ಗೆ ಜರ್ಮನ್ ಬರುತ್ತಿತ್ತು. ಜರ್ಮನ್ ಸೈನಿಕನೊಬ್ಬನೇ ಬರೆದಂತೆ ಚೀಟಿಯ ಕೆಳಗೆ ಸಹಿ: 'ಹೆಸರಿಲ್ಲದ ಸೈನಿಕ'. ಫೋಟೋಗಳಲ್ಲಿ ರೂಢಿಸಿಕೊಂಡ ವೇಷ ಬದಲಿಸುವ ವಿದ್ಯೆಯೇ ಇಲ್ಲಿ ಕೈಹಿಡಿದಿದೆ ಎಂದು ನನಗೆ ಬಲವಾಗಿ ಅನ್ನಿಸಿತು. 1944ರಲ್ಲಿ ಸಿಕ್ಕಿಬಿದ್ದರು. ಮರಣದಂಡನೆಯಾಯಿತು. ಅದು ಜಾರಿಯಾಗಲಿಲ್ಲ, ಆದರೆ ಮನೆಯಲ್ಲಿದ್ದ ಎಷ್ಟೋ ಕಲಾಕೃತಿಗಳು ಹಾಳಾದವು. 1945ರ ಮೇ ತಿಂಗಳಲ್ಲಿ ಬಿಡುಗಡೆ. ಆಗಿನ ಫೋಟೋದಲ್ಲಿ ಕಾಹೂನ್ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಾಗಿಲ ಬಳಿ ನಿಂತಿದ್ದಾರೆ. ಐವತ್ತು ದಾಟಿದ ವಯಸ್ಸು. ಹಲ್ಲಿನ ನಡುವೆ ಕಚ್ಚಿ ಹಿಡಿದಿರುವುದು ನಾಜಿ ಹದ್ದಿನ ಬ್ಯಾಡ್ಜ್.

ಕಾಹೂನ್ 1954ರಲ್ಲಿ ತೀರಿಕೊಂಡರು, ಮೂರ್ 1972ರಲ್ಲಿ. ಅದೇ ಅಂಗಳದಲ್ಲಿ ಒಂದೇ ಕಲ್ಲಿನ ಕೆಳಗೆ ಇಬ್ಬರೂ ಇದ್ದಾರೆ. ಕಲ್ಲಿನ ಮೇಲೆ ಹುಟ್ಟುಹೆಸರುಗಳು, ಯಹೂದಿಗಳ ಆರು ಮೂಲೆಯ ನಕ್ಷತ್ರಗಳು. ಆದರೆ ಫೋಟೋಗಳ ಕೆಳಗೆ ಎಷ್ಟೋ ಕಡೆ ಕಾಹೂನ್ ಹೆಸರೊಂದೇ ಇರುತ್ತದೆ. ಕೆಲವು ಚಿತ್ರಗಳಲ್ಲಿ ಕ್ಯಾಮೆರಾ ಹಿಡಿದವರ ನೆರಳೂ ಚೌಕಟ್ಟಿನೊಳಗೆ ಬಿದ್ದಿದೆ. ಆ ನೆರಳು ಯಾರದೆಂದು ಗೊತ್ತಿದ್ದೂ ಮೂರ್ ಹೆಸರು ಬಿಡುವುದು ನನಗೆ ಒಪ್ಪಿಗೆಯಿಲ್ಲ.