ಬೇಲಿಗಿಂತ ಮುಂಚೆ ನೀರಿನ ತೊಟ್ಟಿ

ಹೊಸದುರ್ಗ ತಾಲ್ಲೂಕಿನಲ್ಲಿ ಮಣ್ಣು, ಮಳೆ ನೀರು ಉಳಿಸುವ ಜಲಾನಯನ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಮಾಡಿದ ತಪ್ಪು ಇದು.

ಒಂದು ಊರಿನ ಹಳ್ಳದ ದಡ ಪ್ರತಿ ಮಳೆಗಾಲದಲ್ಲೂ ಕುಸಿಯುತ್ತಿತ್ತು. ಪಕ್ಕದ ರಾಗಿ ಹೊಲ ವರ್ಷಾ ವರ್ಷ ಸ್ವಲ್ಪ ಸ್ವಲ್ಪವೇ ಕರಗುತ್ತಿತ್ತು. ಊರಿನ ಕುರಿ, ದನ ಎಲ್ಲಾ ನೀರಿಗೆ ಇಳಿಯುವುದು ಅಲ್ಲೇ. ಗೊರಸಿನ ತುಳಿತಕ್ಕೆ ಗರಿಕೆ ಸಾಯುತ್ತದೆ. ಬೇರಿನ ಹಿಡಿತ ಹೋದರೆ ದಡ ನಿಲ್ಲುವುದಿಲ್ಲ. ದನ ನಡೆಯುವ ದಾರಿಯ ಮಣ್ಣು ಗಟ್ಟಿಯಾಗಿ, ಮಳೆ ನೀರು ಇಂಗದೆ ಅದರಲ್ಲೇ ಓಡುತ್ತದೆ. ನೋಡನೋಡುತ್ತಾ ದಾರಿಯೇ ಕೊರಕಲಾಗುತ್ತದೆ. ಹೀಗೆ ಕೊಚ್ಚಿಹೋದ ಮಣ್ಣು ವೇದಾವತಿ ನದಿ ಸೇರಿ ಮಾರಿಕಣಿವೆಗೆ, ಅಂದರೆ ವಾಣಿವಿಲಾಸ ಸಾಗರ ಜಲಾಶಯಕ್ಕೆ ಹೋಗುತ್ತದೆ. 1933ರಲ್ಲಿ ಕೋಡಿ ಬಿದ್ದಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಜನ ಜಾತ್ರೆಯಂತೆ ನೋಡಲು ಹೋದರು, ನಾನೂ ಹೋಗಿದ್ದೆ. ಅಷ್ಟು ನೀರು ನೋಡಿ ಖುಷಿಯಾಯಿತು. ಆದರೆ ತಳದಲ್ಲಿ ಕೂತ ನಮ್ಮ ಹೊಲಗಳ ಮಣ್ಣು ಮನಸ್ಸಿನಿಂದ ಹೋಗಲಿಲ್ಲ.

ದನ, ಕುರಿ ಇಳಿಯದಿರಲಿ ಅಂತ ಆ ಹಳ್ಳಕ್ಕೆ ನಾನು ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸಿದ್ದೆ. ವಾರದೊಳಗೆ ತಂತಿ ಕತ್ತರಿಸಿ ಬಿದ್ದಿತ್ತು. ಸಿಟ್ಟಿನಲ್ಲೇ ಹೋದೆ. ಕುರಿ ಮೇಯಿಸುವ ಅಜ್ಜ ಒಬ್ಬರು ಸಿಕ್ಕರು.

"ನಾನೇ ಕಡಿದಿದ್ದು ಸಾರ್. ಕುರಿ ಬಾಯಾರಿ ನಿಂತಿದ್ವು. ಇನ್ನೆಲ್ಲಿ ಕುಡಿಸ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ದೊಡ್ಡ ದನ ಒಂದಕ್ಕೇ ಬೇಸಿಗೆಯಲ್ಲಿ ದಿನಕ್ಕೆ 40-50 ಲೀಟರ್ ನೀರು ಬೇಕು. ಅದು ಗೊತ್ತಿದ್ದೂ ಯೋಜನೆಯಲ್ಲಿ ಬೇಲಿಯ ಉದ್ದ ಮಾತ್ರ ಬರೆದಿದ್ದೆ.

ಆಮೇಲೆ ಕೆಲಸದ ಕ್ರಮವನ್ನೇ ತಿರುಗಿಸಿದೆವು. ಮೊದಲು ಊರಿನ ಕೊಳವೆಬಾವಿಯಿಂದ ಪೈಪ್ ಎಳೆದು, ದಡದಿಂದ ದೂರದ ಗಟ್ಟಿ ನೆಲದಲ್ಲಿ ತೊಟ್ಟಿ ಕಟ್ಟಿದೆವು. ಸುತ್ತ ಕಲ್ಲು ಹಾಸಿದೆವು, ಇಲ್ಲದಿದ್ದರೆ ಅಲ್ಲೂ ಕೆಸರೇ. ಮಂದೆ ಆಚೆ ದಡಕ್ಕೆ ದಾಟಲೇಬೇಕಲ್ವಾ? ಎಲ್ಲಿ ದಾರಿ ಬಿಡಬೇಕು ಅಂತ ಅಜ್ಜನೇ ತೋರಿಸಿದರು. ಅಲ್ಲಿಯೂ ಕಲ್ಲು ಹಾಸಿ, ಉಳಿದ ಕಡೆ ತಂತಿ ಎಳೆದು, ಅದರ ಗುಂಟ ಕತ್ತಾಳೆ ನೆಟ್ಟೆವು. ತಂತಿ ತುಕ್ಕು ಹಿಡಿಯುವ ಹೊತ್ತಿಗೆ ಕತ್ತಾಳೆಯೇ ಬೇಲಿಯಾಗುತ್ತದೆ.

ಎರಡನೇ ಮಳೆಗಾಲಕ್ಕೆ ದಡದ ತುಂಬ ಹುಲ್ಲು ಬಂತು. ಆ ಹುಲ್ಲು ಕೊಯ್ದು ಕೊಟ್ಟಿಗೆಗೆ ಒಯ್ಯಲು ಊರವರಿಗೆ ಹೇಳಿದ್ದೇವೆ. ತೊಟ್ಟಿ ತೊಳೆಯುವ ಪಾಳಿಯನ್ನು ಕುರಿಯವರೇ ಹಂಚಿಕೊಂಡಿದ್ದಾರೆ. ಕರೆಂಟ್ ಇಲ್ಲದ ದಿನ ತೊಟ್ಟಿ ಖಾಲಿ ಬೀಳುತ್ತದೆ. ಅದಕ್ಕೆ ಪಕ್ಕದಲ್ಲೇ ಒಂದು ದೊಡ್ಡ ಟ್ಯಾಂಕ್ ಇಡಿಸಲು ಈಗ ಓಡಾಡುತ್ತಿದ್ದೇನೆ.