ನೀರ್ಗಡಿ ನಾಡಿನ ಮತಗಳು: ಈ ಮಳೆಗಾಲದ ಕೆಲಸದ ವರದಿ

ಬಿಡುವಿನ ವೇಳೆಯಲ್ಲಿ ನಾನು ಕಟ್ಟುತ್ತಿರುವ ನೀರ್ಗಡಿ ಎಂಬ ಕಲ್ಪಿತ ದೇಶದ ಭೂಪಟ ಬೇಸಗೆಯಲ್ಲೇ ಮುಗಿದಿತ್ತು: ಘಟ್ಟದ ಮೇಲೆ ಅಡಿಕೆ ಮತ್ತು ಕಾಳುಮೆಣಸಿನ ತೋಟಗಳು, ಘಟ್ಟ ಇಳಿಯುವ ಎರಡು ಹೇರೆತ್ತಿನ ದಾರಿಗಳು, ಕೆಳಗೊಂದು ಬಂದರು, ಮೂಡಲಿಗೆ ಬಯಲುಸೀಮೆಯ ಅಂಚು. ತೀರ್ಥಹಳ್ಳಿಯಲ್ಲಿ ಮಳೆ ಹಿಡಿದ ಮೇಲೆ ಕೈಗೆತ್ತಿಕೊಂಡದ್ದು ಆ ದೇಶದ ಮತಗಳ ಅಧ್ಯಾಯ. ಈ ಹವ್ಯಾಸದವರಲ್ಲಿ ಅನೇಕರು ಸೃಷ್ಟಿಯ ಕಥೆ, ದೇವರುಗಳ ವಂಶಾವಳಿ, ಬಾವುಟದ ಬಣ್ಣ ಇವುಗಳಿಂದ ಆರಂಭಿಸುತ್ತಾರೆ. ನಾನು ಹಾಕಿಕೊಂಡ ಕಟ್ಟಳೆ ಬೇರೆ. ಒಂದು ಮತದವರು ಯಾರಿಗೆ ಊಟ ಹಾಕುತ್ತಾರೆ, ಯಾವ ಕೆರೆಯ ಹೂಳು ತೆಗೆಸುತ್ತಾರೆ, ಯಾರಿಗೆ ಸಾಲ ಕೊಡುತ್ತಾರೆ, ವ್ಯಾಜ್ಯವಾದರೆ ಯಾರ ಮುಂದೆ ಹೋಗಿ ನಿಲ್ಲುತ್ತಾರೆ ಎಂಬುದನ್ನು ಬರೆದು ಮುಗಿಸುವವರೆಗೆ ಅವರ ದೇವರಿಗೆ ಹೆಸರಿಡುವಂತಿಲ್ಲ. ಮತಗಳ ನಡುವಿನ ಬಾಳ್ವೆಯನ್ನು ನಂಬಿಕೆಗಿಂತ ಹೆಚ್ಚಾಗಿ ಈ ವ್ಯವಹಾರಗಳೇ ನಡೆಸುತ್ತವೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಪರೀಕ್ಷಿಸಿ ನೋಡಲು ಇಡೀ ದೇಶವೇ ನನ್ನ ಕೈಯಲ್ಲಿದೆ.

ಸದ್ಯಕ್ಕೆ ನಾಲ್ಕು ಪಂಗಡಗಳು ನಿಂತಿವೆ. ಬನದವರು ಎಲ್ಲರಿಗಿಂತ ಹಳಬರು. ದೇವರಕಾಡಿನಲ್ಲಿ ಕಲ್ಲು ನೆಟ್ಟು ಪೂಜಿಸುವ ಇವರ ಒಪ್ಪಿಗೆಯಿಲ್ಲದೆ ನೀರಿನ ಸೆಲೆಯ ಬಳಿ ಯಾರೂ ಮರ ಕಡಿಯುವಂತಿಲ್ಲ, ಹೀಗಾಗಿ ತೋಟ ಇರುವ ಪ್ರತಿಯೊಬ್ಬನೂ, ತನ್ನ ಮತ ಯಾವುದೇ ಇರಲಿ, ವರ್ಷಕ್ಕೊಮ್ಮೆ ಬನಕ್ಕೆ ಬಂದು ಕಾಯಿ ಒಡೆಸುತ್ತಾನೆ. ನೋಂಪಿಯವರು ಹಿಂಸೆಯನ್ನು ತೊರೆದ ವರ್ತಕರು. ಮೆಣಸಿನ ಬೆಳೆಗೆ ಮುಂಗಡ ಕೊಡುವವರು ಇವರೇ. ಮಠದವರ ಬಳಿ ದತ್ತಿಯ ಭೂಮಿಯೂ ಓದುಬರಹವೂ ಇವೆ. ಕಡಲವರು ಬಂದರಿನ ಮೂಲಕ ಬಂದ ಏಕದೇವೋಪಾಸಕರು. ಕುದುರೆ ವ್ಯಾಪಾರವೂ ಬಂದರಿನ ತೂಕದ ಕಟ್ಟೆಯ ಉಸ್ತುವಾರಿಯೂ ಇವರದು.

ಈ ನಾಲ್ವರೂ ಒಂದೆಡೆ ಸೇರುವ ಜಾಗವನ್ನು ಹುಡುಕುವಾಗ ನನಗೆ ನೆರವಾದದ್ದು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಅಲ್ಲಿನ ಕೇದಾರೇಶ್ವರ ದೇಗುಲಕ್ಕೆ ಸೇರಿದ್ದ ಕೋಡಿಯ ಮಠ ಕಾಳಾಮುಖ ಎಂಬ ಶೈವ ಪಂಥದವರದು. ಕಲಚುರಿ ಅರಸ ಬಿಜ್ಜಳನ ಕಾಲದ, 1162ರ ಶಾಸನವೊಂದು ಆ ಮಠವನ್ನು ವರ್ಣಿಸುತ್ತ, ಅಲ್ಲಿ ವೇದಗಳನ್ನೂ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳನ್ನೂ ವ್ಯಾಖ್ಯಾನಿಸಲಾಗುತ್ತಿತ್ತೆಂದು ಹೇಳುತ್ತದೆ. ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಭಾಗ, ಅಂದರೆ ಉಣ್ಣುವವರ ಪಟ್ಟಿ. ದೀನರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ವಾದ್ಯ ನುಡಿಸುವವರು, ಇವರ ಸಾಲಿನಲ್ಲಿಯೇ ಕ್ಷಪಣಕರೆಂಬ ಜೈನ ಭಿಕ್ಷುಗಳೂ ಏಕದಂಡಿ ತ್ರಿದಂಡಿ ಸಂನ್ಯಾಸಿಗಳೂ ಬರುತ್ತಾರೆ. ದಿಕ್ಕಿಲ್ಲದ ರೋಗಿಗಳಿಗೆ ಔಷಧವೂ ಅಲ್ಲಿಯೇ. ಅದೇ ಪಟ್ಟಣದಲ್ಲಿ ಬಸದಿಗಳೂ ಬೌದ್ಧ ವಿಹಾರವೂ ಇದ್ದವು. ಶೈವಮಠದ ಪಂಕ್ತಿಯಲ್ಲಿ ಉಂಡ ಕ್ಷಪಣಕ ಶೈವನಾಗಬೇಕಿರಲಿಲ್ಲ, ಉಣಬಡಿಸಿದವರು ತಮ್ಮ ಸಿದ್ಧಾಂತವನ್ನು ಸಡಿಲಿಸಬೇಕಾಗಿಯೂ ಇರಲಿಲ್ಲ.

ಇದನ್ನು ಆಧಾರವಾಗಿಟ್ಟುಕೊಂಡು ನೀರ್ಗಡಿಯ ಪ್ರತಿ ಘಟ್ಟದ ನೆತ್ತಿಯಲ್ಲಿ ‘ಅಂಗಳ’ ಎಂಬ ಛತ್ರವನ್ನು ನಿಲ್ಲಿಸಿದೆ. ಆಡಳಿತ ಮಠದವರದು. ಖರ್ಚಿಗೆ ದಾರಿಯೇ ಆದಾಯ: ಕೆಳಗಿಳಿಯುವ ಪ್ರತಿ ಹೇರಿನಿಂದ ಒಂದು ಬೊಗಸೆ ಮೆಣಸು ಅಂಗಳಕ್ಕೆ ಸಲ್ಲುತ್ತದೆ. ಹೇರು ಯಾರದು ಎಂದು ಕೇಳದೆ ಬೊಗಸೆ ತೆಗೆದುಕೊಂಡವರು, ಮತ ಯಾವುದು ಎಂದು ಕೇಳದೆ ಎಲೆ ಹಾಕಲೇಬೇಕಾಗುತ್ತದೆ.

ಕರಡನ್ನು ಓದಿದ ತಂಗಿಯ ಮಗಳು ಕೇಳಿದ ಪ್ರಶ್ನೆಯಿಂದ ಈ ಭಾಗ ಬಹಳಷ್ಟು ಬೆಳೆಯಿತು. “ಮಾವ, ಎಲ್ಲರೂ ಉಣ್ಣುತ್ತಾರೆ, ಸರಿ. ಎಲೆ ಎತ್ತುವವರು ಯಾರು? ಅವರು ಎಲ್ಲಿ ಕೂತು ಉಣ್ಣುತ್ತಾರೆ?” ಎಂದಳು. ನಮ್ಮ ಕಡೆಯ ಮಾರಿಜಾತ್ರೆಗಳನ್ನು ಕಂಡವರಿಗೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆಯಾಗಲಿ, ಇತರ ಊರಿನ ಮಾರಿಹಬ್ಬವಾಗಲಿ, ಹಲವು ಜಾತಿಗಳ ಕೈ ಸೇರದೆ ನಡೆಯುವುದಿಲ್ಲ. ಆದರೆ ಪಾಲು ಇರುವುದು ಬೇರೆ, ಸಮಾನತೆ ಇರುವುದು ಬೇರೆ. ಹುಟ್ಟಿನಿಂದ ಗೊತ್ತಾದ ಕೆಲಸವನ್ನು ಗೌರವ ಎಂದು ಕರೆದರೂ, ಅದನ್ನು ಬೇಡವೆನ್ನುವ ಸ್ವಾತಂತ್ರ್ಯ ಇಲ್ಲದಿದ್ದಾಗ ಅದು ಬಿಟ್ಟಿ ಚಾಕರಿಯೇ ಆಗುತ್ತದೆ. ಹೀಗಾಗಿ ನೀರ್ಗಡಿಗೆ ಐದನೆಯ ಪಂಗಡವೊಂದು ಬಂದಿತು. ಬಯಲಿನವರು ಎಂದು ಕರೆಸಿಕೊಳ್ಳುವ ಇವರು ಅಂಗಳದ ಎಲೆ ಎತ್ತುವ ಚಾಕರಿಯನ್ನು ಬಿಟ್ಟು ಹೊರನಡೆದವರು. ಗುಡಿಯೂ ಇಲ್ಲ, ದತ್ತಿಯೂ ಇಲ್ಲ, ದುಡಿದದ್ದನ್ನು ಹಂಚಿಕೊಂಡು ಉಣ್ಣುತ್ತಾರೆ, ಊರಿನ ಆಡುಮಾತಿನಲ್ಲೇ ಪದ ಕಟ್ಟುತ್ತಾರೆ. ಪರಂಪರೆಯ ಪ್ರಕಾರ ಅಲ್ಲಮಪ್ರಭು ಹುಟ್ಟಿದ್ದು ಇದೇ ಬಳ್ಳಿಗಾವಿಯಲ್ಲಿ, ಅಕ್ಕಮಹಾದೇವಿ ಹುಟ್ಟಿದ್ದು ಅದೇ ತಾಲ್ಲೂಕಿನ ಉಡುತಡಿಯಲ್ಲಿ, ಅದೂ ಕೋಡಿಯ ಮಠದ ವೈಭವವನ್ನು ಶಾಸನ ಹಾಡಿದ ಅದೇ ಹನ್ನೆರಡನೆಯ ಶತಮಾನದಲ್ಲಿ. ದೊಡ್ಡ ಮಠವೂ ಅದನ್ನು ಪ್ರಶ್ನಿಸುವವರೂ ಒಂದೇ ಸೀಮೆಯಲ್ಲಿ ಬೆಳೆಯಬಹುದಾದರೆ, ನನ್ನ ಭೂಪಟದಲ್ಲಿಯೂ ಬಯಲಿನವರ ಕೇರಿ ಅಂಗಳದಿಂದ ಕೂಗಳತೆಯ ದೂರದಲ್ಲೇ ಇರುವುದು ನ್ಯಾಯ.

ವ್ಯಾಜ್ಯ ತೀರಿಸುವ ಕ್ರಮಕ್ಕೆ ವಿಜಯನಗರದ ಅರಸ ಬುಕ್ಕರಾಯನ 1368ರ ಶ್ರವಣಬೆಳಗೊಳದ ಶಾಸನವನ್ನು ಮಾದರಿಯಾಗಿ ಇಟ್ಟುಕೊಂಡಿದ್ದೇನೆ. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕಿನ ವಿಷಯದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಹತ್ತಿದಾಗ ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಇಬ್ಬರ ದರ್ಶನಕ್ಕೂ ಭೇದವಿಲ್ಲವೆಂದು ಸಾರಿದ. ಭಾಷಣಗಳಲ್ಲಿ ಉಲ್ಲೇಖವಾಗುವುದು ಈ ಹಸ್ತಾರ್ಪಣೆ ಮಾತ್ರ. ನನಗೆ ಅದಕ್ಕಿಂತ ಉಪಯುಕ್ತವೆನಿಸಿದ್ದು ಅದರ ಬೆನ್ನಿಗೆ ಬರುವ ಹಣಕಾಸಿನ ಏರ್ಪಾಡು: ಜೈನರು ಮನೆಗೆ ವರ್ಷಕ್ಕೆ ಒಂದು ‘ಹಣ’ದ ನಾಣ್ಯದಂತೆ ಕೊಡಬೇಕು, ಅದನ್ನು ಶ್ರೀವೈಷ್ಣವರ ಕಡೆಯ ತಿರುಮಲೆಯ ತಾತಯ್ಯ ಎತ್ತಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು, ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಎದುರಾಳಿಯ ಕಡೆಯವನೇ ಕಾವಲಿನ ಹೊಣೆ ಹೊತ್ತಾಗ ಶಾಂತಿಗೆ ಒಂದು ಲೆಕ್ಕಪುಸ್ತಕ ಹುಟ್ಟುತ್ತದೆ, ತಪ್ಪಿದವನು ಯಾರೆಂದು ವರ್ಷವರ್ಷವೂ ಗೊತ್ತಾಗುತ್ತದೆ. ಕಾವಲಿನ ಖರ್ಚು ದೂರು ಕೊಟ್ಟ ಜೈನರ ತಲೆಯ ಮೇಲೆಯೇ ಬಿದ್ದದ್ದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ನೀರ್ಗಡಿಯ ಕಾನೂನಿನಲ್ಲಿ ಎರಡೂ ಪಕ್ಷದವರು ಹಣ ಹಾಕುತ್ತಾರೆ. ನೋಂಪಿಯವರ ಗುಡಿಯ ಕಾವಲಿಗೆ ಮಠದವರು ಆಳು ಕೊಡುತ್ತಾರೆ, ಮಠದ ಉಗ್ರಾಣದ ಲೆಕ್ಕವನ್ನು ನೋಂಪಿಯವರು ತಪಾಸಣೆ ಮಾಡುತ್ತಾರೆ.

ಅರಸನ ಮತದ ಬಗ್ಗೆ ಹೆಚ್ಚು ಬರೆದಿಲ್ಲ. ಕೆಳದಿಯ ನಾಯಕರು ವೀರಶೈವರಾಗಿದ್ದೂ ಶೃಂಗೇರಿಯ ಅದ್ವೈತ ಮಠಕ್ಕೆ ದತ್ತಿ ಕೊಟ್ಟರು. 1791ರಲ್ಲಿ ಮರಾಠಾ ಸೇನೆ ಶೃಂಗೇರಿಯನ್ನು ಲೂಟಿ ಮಾಡಿದ ಮೇಲೆ ಶಾರದೆಯ ಪುನಃಪ್ರತಿಷ್ಠೆಗೆ ಟಿಪ್ಪು ಸುಲ್ತಾನ ನೆರವು ಕಳುಹಿಸಿದ್ದು ಮಠಕ್ಕೆ ಅವನು ಬರೆದ ಪತ್ರಗಳಿಂದ ತಿಳಿದುಬರುತ್ತದೆ. ಇದನ್ನು ಔದಾರ್ಯವೆಂದು ಹೊಗಳುವವರೂ ರಾಜಕಾರಣವೆಂದು ತೆಗೆದುಹಾಕುವವರೂ ಇದ್ದಾರೆ. ದೇಶ ಕಟ್ಟುವವನಿಗೆ ಎರಡನ್ನೂ ಬೇರ್ಪಡಿಸುವ ಅಗತ್ಯ ಬೀಳುವುದಿಲ್ಲ. ದತ್ತಿ ಹೋದ ದಿಕ್ಕನ್ನು ಗುರುತು ಹಾಕಿದರೆ ಅರಸನಿಗೆ ಯಾರ ಬೆಂಬಲ ಬೇಕಿತ್ತು ಎಂಬುದು ಭೂಪಟದಲ್ಲಿಯೇ ಕಾಣುತ್ತದೆ.

ಕಡಲವರು ಘಟ್ಟ ಹತ್ತಿ ಬಂದ ಮೇಲೆ ಏನಾಯಿತು ಎಂಬುದಕ್ಕೆ ಹೆಚ್ಚು ದೂರ ಹೋಗಬೇಕಾಗಲಿಲ್ಲ. ನಮ್ಮ ತಾಲ್ಲೂಕಿನ ಹಣಗೆರೆಕಟ್ಟೆಯಲ್ಲಿ ಭೂತರಾಯ, ಚೌಡೇಶ್ವರಿಯರ ಸನ್ನಿಧಿಯೂ ಸೈಯದ್ ಸಾದತ್ ದರ್ಗಾವೂ ಒಂದೇ ಆವರಣದಲ್ಲಿವೆ. ಹರಕೆ ಹೊತ್ತವರು ಎರಡೂ ಕಡೆ ಕೈಮುಗಿದು ಬರುತ್ತಾರೆ. ನೀರ್ಗಡಿಯ ಒಂದು ಬನದಲ್ಲಿ ಅಂಥದೇ ಜಾಗವೊಂದನ್ನು ಇಟ್ಟಿದ್ದೇನೆ, ಅದಕ್ಕೆ ಸಿದ್ಧಾಂತದ ವಿವರಣೆ ಬರೆಯಲು ಹೋಗಿಲ್ಲ.

ಈಗ ಕೈಯಲ್ಲಿರುವುದು ಪಂಚಾಂಗದ ಕೋಷ್ಟಕ. ಬನದವರದು ಅಧಿಕಮಾಸ ಸೇರಿಸಿ ಋತುವಿಗೆ ಹೊಂದಿಸಿಕೊಳ್ಳುವ ಲೆಕ್ಕ. ಕಡಲವರಿಗೆ ಹಿಜರಿಯಂತೆ ಸುಮಾರು 354 ದಿನಗಳ ಶುದ್ಧ ಚಾಂದ್ರಮಾನ ವರ್ಷವನ್ನು ಕೊಟ್ಟಿರುವುದರಿಂದ ಅವರ ಹಬ್ಬ ಪ್ರತಿವರ್ಷ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತ, ಸುಮಾರು ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಒಂದು ಸುತ್ತಿನಲ್ಲಿ ಕೆಲವು ವರ್ಷ ಅವರ ಉಪವಾಸದ ತಿಂಗಳೂ ಬನದ ಜಾತ್ರೆಯೂ ಒಟ್ಟಿಗೆ ಬೀಳುವುದು ಖಚಿತ. ಆಗ ತೂಕದ ಕಟ್ಟೆ ಹಗಲು ಮುಚ್ಚಿರುತ್ತದೆ, ಜಾತ್ರೆಗೆ ಬಂದ ಮೆಣಸು ಘಟ್ಟದ ಮೇಲೆಯೇ ಉಳಿಯುತ್ತದೆ, ಮುಂಗಡ ಕೊಟ್ಟ ನೋಂಪಿಯವರಿಗೆ ಬಡ್ಡಿಯ ಚಿಂತೆ ಹತ್ತುತ್ತದೆ. ಮಳೆಗೆ ಮುಂಚೆ ಮುಗಿಯಲೇಬೇಕಾದ ಜಾತ್ರೆಯನ್ನು ಬನದವರು ಮುಂದೂಡಲಾರರು, ಉಪವಾಸವನ್ನು ಕಡಲವರು ಕದಲಿಸಲಾರರು. ಕಟ್ಟೆಯನ್ನು ರಾತ್ರಿ ದೀಪ ಹಚ್ಚಿ ತೆರೆಯುವುದು ಒಂದು ದಾರಿ. ಎಣ್ಣೆಯ ಖರ್ಚು ಯಾರ ಲೆಕ್ಕಕ್ಕೆ ಎಂಬುದನ್ನು ಮುಂದಿನ ವರದಿಯ ಹೊತ್ತಿಗೆ ತೀರ್ಮಾನಿಸಬೇಕು.