ಕೋಳಿ ಕೂಗಿದ ಮೇಲಿನ ಪೇತ್ರ

ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ನಮ್ಮ ಚರ್ಚುಗಳಲ್ಲಿ ಪೇತ್ರನ ಸೋಲನ್ನು, ಅಂದರೆ ಯೇಸುವನ್ನು ಹಿಡಿದ ರಾತ್ರಿ ಅವರ ಶಿಷ್ಯ ಪೇತ್ರ ಕೋಳಿ ಕೂಗುವ ಮುನ್ನ ಮೂರು ಸಲ ಅವರನ್ನು ಅರಿಯೆನೆಂದದ್ದನ್ನು, ಎರಡು ಸಲ ಓದುತ್ತಾರೆ. ಗರಿಗಳ ಭಾನುವಾರ, ಯೇಸುವಿನ ಕಥೆ ಬರೆದ ಮತ್ತಾಯ, ಮಾರ್ಕ, ಲೂಕರಲ್ಲಿ ಆ ವರ್ಷ ಯಾರ ಸರದಿಯೋ ಅವರ ಶುಭಸಂದೇಶದಿಂದ ಒಮ್ಮೆ. ಶುಭ ಶುಕ್ರವಾರ ಪ್ರತಿ ವರ್ಷವೂ ಯೊವಾನ್ನರ ಶುಭಸಂದೇಶದಿಂದ ಇನ್ನೊಮ್ಮೆ. ಭಾನುವಾರ ಬಿಸಿಲು ಜೋರಾಗಿದೆಯೆಂದು ಚಿಕ್ಕ ಪಾಠ ಓದಿ ಮುಗಿಸುವ ಕಡೆ ಒಂದು ಸಲ ತಪ್ಪಿಹೋಗಬಹುದು, ಶುಕ್ರವಾರ ತಪ್ಪುವುದಿಲ್ಲ. ತನ್ನ ಮೊದಲ ನಾಯಕ ಮಾತಿಗೆ ತಪ್ಪಿದ್ದನ್ನು ಎಲ್ಲರೂ ನಿಂತು ಕೇಳುವ ಹಾಗೆ ಗಟ್ಟಿಯಾಗಿ ಓದಿಸುವ ಮನೆ ಧರ್ಮಸಭೆ. ನಮ್ಮ ಮನೆತನಗಳಲ್ಲಿ ಹೀಗೆ ಮಾಡುವುದಿಲ್ಲ. ಅಜ್ಜನ ಸೋಲನ್ನು ಮಕ್ಕಳ ಕಿವಿಗೆ ಬೀಳದಂತೆ ನೋಡಿಕೊಳ್ಳುತ್ತೇವೆ.

ಅವನು ಹೆದರಿದ್ದು ಯಾರಿಗೆ ಎಂಬುದನ್ನೂ ಗಮನಿಸಬೇಕು. ರೋಮಿನ ಅಧಿಪತಿ ಪಿಲಾತನಿಗಲ್ಲ, ರೋಮಿನ ಸಿಪಾಯಿಗಲ್ಲ. ಬಾಗಿಲು ಕಾಯುವ ಒಬ್ಬ ಹುಡುಗಿ ಕೇಳಿದಳು, 'ನೀನೂ ಆತನ ಶಿಷ್ಯರಲ್ಲಿ ಒಬ್ಬನಲ್ಲವೇ?' ಎಂದು. ಅಲ್ಲ ಅಂದ. ಚಳಿಯಿತ್ತು, ಆಳುಗಳು ಇದ್ದಿಲ ಬೆಂಕಿ ಮಾಡಿಕೊಂಡು ಮೈ ಕಾಯಿಸಿಕೊಳ್ಳುತ್ತಿದ್ದರು, ಅವನೂ ಅವರ ನಡುವೆ ನಿಂತ. ಬೆಂಕಿಯ ಸುತ್ತ ಜಾಗ ಬೇಕಿತ್ತು, ಅಷ್ಟೇ. ವಿಶ್ವಾಸದ ಪರೀಕ್ಷೆ ಅಂದರೆ ಕುತ್ತಿಗೆಗೆ ಕತ್ತಿ ಎಂದು ನಾವು ಅಂದುಕೊಂಡಿರುತ್ತೇವೆ. ಬಹುಪಾಲು ಸಲ ಅದು ಇಂಥ ಬೆಂಕಿಯ ಹತ್ತಿರ, ಕೈ ಚಾಚಿ ನಿಂತಿರುವಾಗ, ಮಾತಿಗೆ ಮಾತು ಬಂದು ನಡೆದುಹೋಗುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಸಿಗಲೆಂದು ಬೇರೆ ಹೆಸರು ಹೇಳಿದ ಹುಡುಗ, ಆಫೀಸಿನಲ್ಲಿ ಶಿಲುಬೆಯ ಬಗ್ಗೆ ತಮಾಷೆ ಬಂದಾಗ ತಾನೂ ನಕ್ಕ ಹುಡುಗಿ, ಗಲಾಟೆಯಾದೀತೆಂದು ಮನೆಯ ಗೋಡೆಯ ಮೇಲಿನ ಪಟ ಇಳಿಸಿಟ್ಟ ತಂದೆ. ಕೊಡಗಿನಲ್ಲಿ ಇಂಥವರಿಲ್ಲ ಎನ್ನುವವರು ಕೊಡಗು ಬಿಟ್ಟು ಬೇರೆ ಕಡೆ ಇರುವವರು.

ಶುಕ್ರವಾರದ ಪಾಠದಲ್ಲಿ ಪೇತ್ರ ಅಳುವುದೇ ಇಲ್ಲ. ಯೊವಾನ್ನರ ಪ್ರಕಾರ ಅವನು ಮೂರನೆಯ ಸಲ ಅಲ್ಲಗಳೆದ, ಕೂಡಲೇ ಕೋಳಿ ಕೂಗಿತು, ಕಥೆ ಪಿಲಾತನ ಮನೆಗೆ ಹೊರಟುಹೋಯಿತು. ಬಿಕ್ಕಿ ಬಿಕ್ಕಿ ಅತ್ತದ್ದು ಉಳಿದ ಮೂವರಲ್ಲಿ. ಅದರಲ್ಲೂ ಲೂಕ ಒಂದು ಮಾತು ಸೇರಿಸುತ್ತಾನೆ: ಪ್ರಭು ತಿರುಗಿ ಪೇತ್ರನನ್ನು ನೋಡಿದರು. ಆ ನೋಟದಲ್ಲಿ ಏನಿತ್ತು ಎಂದು ಲೂಕ ಹೇಳಲಿಲ್ಲ, ಪ್ರಸಂಗಗಳಲ್ಲಿ ನಾವೇ ತುಂಬಿಕೊಂಡಿದ್ದೇವೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದೇ ಅಧ್ಯಾಯದಲ್ಲಿ, ಕೋಳಿ ಕೂಗುವುದಕ್ಕೂ ಮುಂಚೆ, ಊಟದ ಮೇಜಿನಲ್ಲಿ ಯೇಸು ಅವನಿಗೆ ಹೇಳಿದ್ದು: ನಿನ್ನ ವಿಶ್ವಾಸ ಕುಂದದಿರಲೆಂದು ಬೇಡಿಕೊಂಡಿದ್ದೇನೆ, ನೀನು ತಿರುಗಿಬಂದ ಮೇಲೆ ನಿನ್ನ ಸಹೋದರರನ್ನು ಬಲಪಡಿಸು. ಬಿದ್ದರೆ ಅಂತಲ್ಲ, ತಿರುಗಿಬಂದ ಮೇಲೆ ಅಂತ. ಬೀಳುವುದೂ ಗೊತ್ತಿತ್ತು, ಎದ್ದ ಮೇಲೆ ಮಾಡಬೇಕಾದ ಕೆಲಸವೂ ಆಗಲೇ ನಿಗದಿಯಾಗಿತ್ತು.

ಪೇತ್ರನ ಪಕ್ಕದಲ್ಲಿ, ಹಣಕ್ಕೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನನ್ನು ಇಟ್ಟು, ಒಬ್ಬ ಪಶ್ಚಾತ್ತಾಪಪಟ್ಟ, ಇನ್ನೊಬ್ಬ ಪಡಲಿಲ್ಲ ಎಂದು ಹೇಳುವುದು ರೂಢಿ. ಮತ್ತಾಯ ಹಾಗೆ ಬರೆದಿಲ್ಲ. ಯೂದನೂ ನೊಂದ, 30 ಬೆಳ್ಳಿ ನಾಣ್ಯ ವಾಪಸು ತಂದ, ನಿರಪರಾಧಿಯ ರಕ್ತಕ್ಕೆ ದ್ರೋಹ ಬಗೆದೆ ಎಂದು ಬಾಯಿಬಿಟ್ಟು ಹೇಳಿಕೊಂಡ. ಹೇಳಿಕೊಂಡದ್ದು ಮುಖ್ಯ ಯಾಜಕರ ಮುಂದೆ. ಅವರು 'ಅದರಿಂದ ನಮಗೇನು? ನೀನೇ ನೋಡಿಕೋ' ಅಂದುಬಿಟ್ಟರು. ಒಬ್ಬ ಪಾಪಿ ತಾನಾಗಿ ಬಂದು ತಪ್ಪೊಪ್ಪಿಕೊಂಡಾಗ ದೇವಾಲಯದ ಹಿರಿಯರು ಕೊಟ್ಟ ಉತ್ತರ ಅದು. ಅವನು ನೇಣು ಹಾಕಿಕೊಂಡ. ಆ ಎರಡು ವಾಕ್ಯಗಳ ಮುಂದೆ, ಯೂದನಿಗಿಂತ ಹೆಚ್ಚಾಗಿ, ಚರ್ಚಿನ ಮುಂದಿನ ಬೆಂಚುಗಳಲ್ಲಿ ಕೂರುವ ನಾವು ನಿಂತು ಯೋಚಿಸಬೇಕು.

ಬಿದ್ದವರು ತಿರುಗಿಬರುವ ಈ ಮಾತು ಕೊಡಗಿಗೆ ಹೊಸದಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಎತ್ತರದ ಗೋಪುರ ಬಸ್ಸಿನಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ಅಲ್ಲಿನ ಧರ್ಮಕೇಂದ್ರ ಶುರುವಾದದ್ದು 1792ರಲ್ಲಿ, ಊರು ಹುಟ್ಟಿದ ವರ್ಷವೇ. ಶುರು ಮಾಡಿದವರು ಸೆರೆಯಿಂದ ತಪ್ಪಿಸಿಕೊಂಡು ಬಂದವರು. 1784ರಲ್ಲಿ ಕರಾವಳಿಯ ಕಥೋಲಿಕರನ್ನು ಟಿಪ್ಪು ಸುಲ್ತಾನ ಸೆರೆಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಸೆರೆಹಿಡಿದ ದಿನ ಬೂದಿ ಬುಧವಾರ, ಈಸ್ಟರಿಗೆ ಮುಂಚಿನ ಉಪವಾಸ ಕಾಲದ ಮೊದಲ ದಿನ ಎಂದೇ ಸಮುದಾಯ ಇಂದಿಗೂ ನೆನೆಯುತ್ತದೆ. ದಾರಿಯಲ್ಲಿ ಸತ್ತವರು ಬಹಳ. ಉಳಿದವರಲ್ಲಿ ಅನೇಕರನ್ನು ಬಲವಂತವಾಗಿ ಮತಾಂತರ ಮಾಡಿಸಲಾಯಿತು. ಅಲ್ಲಿಂದ ಓಡಿ ಬಂದವರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ. ಅವನೂ ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದವನೇ. ಬಂದವರ ಪಾಡು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಟಿಪ್ಪುವಿನ ಹೆಸರು ಎತ್ತಿದರೆ ಕೊಡಗಿನಲ್ಲಿ ಮಾತು ಎಲ್ಲಿಗೋ ಹೋಗುತ್ತದೆ. ನನಗೆ ಇಲ್ಲಿ ರಾಜರ ಲೆಕ್ಕ ಬೇಡ. ಆ ಸಾವಿರಾರು ಜನರಲ್ಲಿ ಹೆದರಿ ತಲೆಬಾಗಿಸಿದವರು, ಹೊಸ ಹೆಸರಿಟ್ಟುಕೊಂಡವರು, ಮಕ್ಕಳ ಪ್ರಾಣ ಉಳಿದರೆ ಸಾಕೆಂದು ಸುಮ್ಮನಾದವರು ಏನಾದರು ಎಂಬುದಷ್ಟೇ ನನ್ನ ಪ್ರಶ್ನೆ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಆಮೇಲೆ ಅಲ್ಲಿನ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಹೋದವರು ಫ್ರೆಂಚ್ ಗುರು ಅಬ್ಬೆ ದುಬಾಯ್. ಹಾಸನದ ಕಡೆ ಸಾತಳ್ಳಿಯಲ್ಲಿ ಒಕ್ಕಲುತನದ ನೆಲೆ ಕಟ್ಟಿದವರೂ ಅವರೇ. ಬಲವಂತಕ್ಕೆ ಬಾಗಿದ್ದವರಲ್ಲಿ 1800 ಮಂದಿಯನ್ನು ಅವರು ಮತ್ತೆ ಧರ್ಮಸಭೆಗೆ ಸೇರಿಸಿಕೊಂಡರೆಂದು ಹೇಳುತ್ತಾರೆ.

ಅದೇ ದುಬಾಯ್ ಮುಂದೆ ತಮ್ಮ ಪತ್ರಗಳಲ್ಲಿ ಆ ಜನರ ಬಗ್ಗೆ ಕಟುವಾಗಿ ಬರೆದರು. ಅಷ್ಟು ಸಾವಿರ ಜನರಲ್ಲಿ ವಿಶ್ವಾಸವನ್ನು ಬಾಯಿಬಿಟ್ಟು ಹೇಳಿ ಪ್ರಾಣ ಕೊಡುವ ಧೈರ್ಯ ಒಬ್ಬನಿಗೂ ಬರಲಿಲ್ಲವಲ್ಲ, ಎಂಥ ನಾಚಿಕೆ ಎಂಬ ಧಾಟಿ ಅವರದು. ಓದಿದಾಗ ನನಗೆ ಸಿಟ್ಟು ಬರುತ್ತದೆ. ದುಬಾಯ್ ಅವರು ಗುರುದೀಕ್ಷೆ ಪಡೆದು ಫ್ರಾನ್ಸ್ ಬಿಟ್ಟು ಭಾರತಕ್ಕೆ ಹೊರಟದ್ದು 1792ರಲ್ಲಿ, ಅಲ್ಲಿ ಕ್ರಾಂತಿಯ ಬೆಂಕಿ ಹತ್ತಿ ಉರಿಯುತ್ತಿದ್ದಾಗ. ಹಡಗು ಹತ್ತಲು ಅವರಿಗೆ ದಾರಿಯಿತ್ತು. ಶ್ರೀರಂಗಪಟ್ಟಣದ ಕೋಟೆಯೊಳಗೆ ಕೈಮಗು ಹಿಡಿದು ನಿಂತವಳಿಗೆ ಹಡಗಿರಲಿಲ್ಲ. ಆದರೂ ನ್ಯಾಯವಾಗಿ ಹೇಳಬೇಕು: ಕೈಯಲ್ಲಿ ಹಾಗೆ ಬರೆದ ಮನುಷ್ಯ ಬಾಗಿಲು ಮುಚ್ಚಲಿಲ್ಲ. ಮನಸ್ಸಿನಲ್ಲಿ ತಿರಸ್ಕಾರ ಇದ್ದರೂ ಬಂದವರನ್ನು ಒಳಗೆ ಕರೆದ. ಮನಸ್ಸಿನಲ್ಲಿ ಕರುಣೆ ತುಂಬಿಕೊಂಡು ಬಾಗಿಲಲ್ಲೇ ವಿಚಾರಣೆ ಮಾಡುವ ನಮಗಿಂತ ಅದು ಎಷ್ಟೋ ವಾಸಿ.

ಬಿದ್ದವರನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂಬ ಈ ಜಗಳ ಧರ್ಮಸಭೆಯಲ್ಲಿ ಅದಕ್ಕಿಂತ ಬಹಳ ಹಳೆಯದು. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ದೇಸಿಯಸ್ ಎಲ್ಲರೂ ಸಾಮ್ರಾಜ್ಯದ ದೇವರುಗಳಿಗೆ ಬಲಿ ಅರ್ಪಿಸಿ ಅದಕ್ಕೊಂದು ಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಕ್ರೈಸ್ತರು ಗುಂಪು ಗುಂಪಾಗಿ ಹೋಗಿ ಬಲಿ ಕೊಟ್ಟರು. ಇನ್ನು ಕೆಲವರು ಬಲಿ ಕೊಡದೆ ಲಂಚ ಕೊಟ್ಟು ಪತ್ರ ಮಾತ್ರ ಮಾಡಿಸಿಕೊಂಡರು. ಈ ಎರಡನೆಯ ಜಾತಿಯವರು ನಮಗೆ ತುಂಬ ಪರಿಚಿತರು, ಕಚೇರಿಯ ಹೊರಗೆ ಇಂದೂ ಸಿಗುತ್ತಾರೆ. ಹಿಂಸೆ ತಣ್ಣಗಾದ ಮೇಲೆ ಅವರೆಲ್ಲ ವಾಪಸು ಬಂದರು. ರೋಮಿನಲ್ಲಿ ನೊವಾಷಿಯನ್ ಎಂಬ ಗುರು, ಅವರನ್ನು ಸೇರಿಸಿಕೊಳ್ಳುವ ಹಕ್ಕೇ ಧರ್ಮಸಭೆಗಿಲ್ಲ ಎಂದು ಬೇರೆಯಾದ. ಕಾರ್ಥೇಜಿನ ಧರ್ಮಾಧ್ಯಕ್ಷ ಸಿಪ್ರಿಯನ್ ಹಿಡಿದದ್ದು ನಡುದಾರಿ. ಪತ್ರ ಕೊಂಡವರು ಪ್ರಾಯಶ್ಚಿತ್ತ ಮಾಡಿ ಬರಲಿ, ಬಲಿ ಕೊಟ್ಟವರು ಇನ್ನೂ ಹೆಚ್ಚು ಕಾಲ ಕಾಯಲಿ ಎಂದ. ಆದರೆ ಎರಡು ವರ್ಷಕ್ಕೇ ಇನ್ನೊಂದು ಹಿಂಸೆ ಬರುವ ಸೂಚನೆ ಕಂಡಾಗ, ಪ್ರಾಯಶ್ಚಿತ್ತದಲ್ಲಿದ್ದವರನ್ನೆಲ್ಲ ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿಗೆ, ಸೇರಿಸಿಕೊಳ್ಳುವ ತೀರ್ಮಾನವಾಯಿತು. ಕಾರಣ ಕೇಳಿ: ಮುಂದಿನ ಪರೀಕ್ಷೆಗೆ ಅವರು ಹಸಿದ ಹೊಟ್ಟೆಯಲ್ಲಿ ಹೋಗಬಾರದು. ಒಮ್ಮೆ ಸೋತವನನ್ನು ಹೊರಗೆ ನಿಲ್ಲಿಸಿದರೆ ಅವನು ಎರಡನೆಯ ಸಲವೂ ಸೋಲುತ್ತಾನೆ ಎಂಬುದು ಆ ಮನುಷ್ಯನಿಗೆ ಅರ್ಥವಾಗಿತ್ತು. ಅರ್ಥವಾಗುವುದಕ್ಕೆ ಕಾರಣವೂ ಇತ್ತು. 250ರಲ್ಲಿ ಸಿಪ್ರಿಯನ್ ತಾನೇ ಊರು ಬಿಟ್ಟು ಅಡಗಿ ಕೂತಿದ್ದ, ಅದಕ್ಕಾಗಿ ಸಾಕಷ್ಟು ಮಾತು ಕೇಳಿದ್ದ. 258ರಲ್ಲಿ ಮತ್ತೆ ಹಿಡಿಯಲು ಬಂದಾಗ ಓಡಲಿಲ್ಲ. ಸೆಪ್ಟೆಂಬರ್ 14ರಂದು ಅವನ ತಲೆ ಕಡಿದರು.

ಕ್ಷಮೆಯೆಂದರೆ ಆದದ್ದನ್ನು ಮರೆತುಬಿಡುವುದು ಎಂದು ನಾವು ತಿಳಿದಿದ್ದೇವೆ. ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯ ಓದಿದರೆ ಹಾಗೆ ಕಾಣುವುದಿಲ್ಲ. ತಿಬೇರಿಯ ಸರೋವರದ ದಡ, ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಗದ ಏಳು ಜನ ಶಿಷ್ಯರು, ಬೆಳಕು ಹರಿಯುವ ಹೊತ್ತು. ದಡದಲ್ಲಿ ಮತ್ತೆ ಇದ್ದಿಲ ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಶಿಲುಬೆಯಲ್ಲಿ ಸತ್ತು ಎದ್ದುಬಂದ ಯೇಸು ಮೊದಲು ಆಡಿದ್ದು ಊಟದ ಮಾತು. ಬಲೆಯಲ್ಲಿ 153 ಮೀನು ಎಂದು ಎಣಿಸಿ ಬರೆದ ಯೊವಾನ್ನ, 'ಕ್ಷಮಿಸಿದ್ದೇನೆ' ಎಂಬ ಒಂದು ಪದ ಮಾತ್ರ ಎಲ್ಲೂ ಬರೆದಿಲ್ಲ. ಪೇತ್ರನೂ ತಪ್ಪಾಯ್ತು ಅನ್ನುವುದಿಲ್ಲ. ತಿಂಡಿ ಮುಗಿದ ಮೇಲೆ ಒಂದೇ ಪ್ರಶ್ನೆ ಮೂರು ಸಲ: ನೀನು ನನ್ನನ್ನು ಪ್ರೀತಿಸುತ್ತೀಯಾ? ಮೂರನೆಯ ಸಲಕ್ಕೆ ಅವನಿಗೆ ನೋವಾಯಿತು. ನೋವಾಗಲೇಬೇಕಿತ್ತು, ಮೂರು ಸಲ ಯಾಕೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೊದಲನೆಯ ಸಲ ಯೇಸು 'ಇವರಿಗಿಂತ ಹೆಚ್ಚಾಗಿ ಪ್ರೀತಿಸುತ್ತೀಯಾ' ಎಂದು ಕೇಳಿದರು. ಯಾರು ಬಿಟ್ಟು ಓಡಿದರೂ ನಾನು ಬಿಡುವುದಿಲ್ಲ ಎಂದು ಎದೆ ತಟ್ಟಿದ್ದವನು ಇವನೇ. ಈಗ ಉತ್ತರದಲ್ಲಿ 'ಇವರಿಗಿಂತ' ಎಂಬುದನ್ನು ಅವನು ಮುಟ್ಟಲೇ ಇಲ್ಲ. ನಿಮಗೆ ಎಲ್ಲಾ ಗೊತ್ತು, ಪ್ರೀತಿಸುವುದೂ ಗೊತ್ತು ಎಂದಷ್ಟೇ ಅಂದ. ಪ್ರತಿ ಉತ್ತರಕ್ಕೂ ಒಂದು ಕೆಲಸ ಸಿಕ್ಕಿತು, ಕುರಿಗಳನ್ನು ಮೇಯಿಸು ಎಂದು. ನಮ್ಮ ಕಡೆ ಯಾವ ತೋಟದಲ್ಲಾದರೂ ಕೈಕೊಟ್ಟು ಹೋದ ರೈಟರ್, ತೋಟದ ಲೆಕ್ಕ ಬರೆಯುವವನು, ಮತ್ತೆ ಬಂದರೆ ಗೇಟಿನ ಕೀ ಅವನ ಕೈಗೇ ಕೊಡುವ ಧಣಿ ಇದ್ದಾನೆಯೇ?

ಪುನಃ ಕೆಲಸ ಸಿಕ್ಕಿತೆಂದು ಪೇತ್ರ ಅಂದೇ ಬಂಡೆಯಾಗಿಬಿಡಲಿಲ್ಲ. ವರ್ಷಗಳಾದ ಮೇಲೆ ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಊಟ ಮಾಡುತ್ತಿದ್ದವನು, ಅಂಥ ಊಟ ಒಪ್ಪದ, ಜೆರುಸಲೇಮಿನ ಯಾಕೋಬನ ಕಡೆಯವರು ಬಂದರೆಂದು ಹೆದರಿ ಮೆಲ್ಲಗೆ ಎದ್ದು ದೂರವಾದ. ಪ್ರೇಷಿತ ಪೌಲ ಎಲ್ಲರ ಮುಂದೆ ತರಾಟೆಗೆ ತೆಗೆದುಕೊಂಡ. ಅದೇ ಅಂಜುಬುರುಕ ಸ್ವಭಾವ, ಮತ್ತೆ ಊಟದ ಸ್ಥಳ, ಮತ್ತೆ ಯಾರೋ ಏನೋ ಅಂದಾರೆಂಬ ಭಯ. ಇದನ್ನು ಓದಿದಾಗೆಲ್ಲ ನನಗೆ ಸಮಾಧಾನ. ಒಮ್ಮೆ ಪಾಪನಿವೇದನೆ ಮಾಡಿ, ಅಂದರೆ ಗುರುಗಳ ಮುಂದೆ ಪಾಪ ಹೇಳಿಕೊಂಡು, ಬಂದವನು ಮರುತಿಂಗಳು ಮತ್ತೆ ಹಿಂಜರಿದರೆ ಅವನ ಮೊದಲ ಪಶ್ಚಾತ್ತಾಪ ಸುಳ್ಳಾಗಿತ್ತು ಎಂದಲ್ಲ.

ಹಾಗಾದರೆ 'ಜನರ ಮುಂದೆ ನನ್ನನ್ನು ಅಲ್ಲಗಳೆಯುವವನನ್ನು ನಾನೂ ತಂದೆಯ ಮುಂದೆ ಅಲ್ಲಗಳೆಯುತ್ತೇನೆ' ಎಂಬ ಮಾತು? ಅದು ಮತ್ತಾಯನ ಹತ್ತನೆಯ ಅಧ್ಯಾಯದಲ್ಲಿದೆ, ಅಳಿಸಲು ಬರುವುದಿಲ್ಲ, ಅಳಿಸಬೇಕೆಂದು ನನಗೆ ಅನಿಸುವುದೂ ಇಲ್ಲ. ಸೋಲು ಹಗುರ ಎಂದಾದರೆ ಕ್ಷಮೆಗೂ ತೂಕವಿಲ್ಲ. ಆದರೆ ಆ ಮಾತು ಆಡಿದಾಗ ಎದುರಿಗೆ ಕೂತಿದ್ದವರಲ್ಲಿ ಪೇತ್ರನೂ ಒಬ್ಬ. ಎಚ್ಚರಿಕೆ ಕೊಟ್ಟವರೇ ಅವನಿಗಾಗಿ ದಡದಲ್ಲಿ ಬೆಂಕಿ ಹಚ್ಚಿಟ್ಟು ಕಾದರು. ಎರಡನ್ನೂ ಹೇಳಿದ ಬಾಯಿ ಒಂದೇ, ನಾನು ಎರಡನ್ನೂ ಇಟ್ಟುಕೊಳ್ಳುತ್ತೇನೆ.

ಈಗ ನಮ್ಮ ಕಡೆಗೆ. ಹೂಮಳೆ ಬಿದ್ದು, ಕಾಫಿ ಹೂ ಉದುರಿ, ಮೆಣಸು ಕುಯ್ಯುವ ಕೆಲಸದ ನಡುವೆಯೇ ಸಾಮಾನ್ಯವಾಗಿ ಪವಿತ್ರ ವಾರ ಬರುತ್ತದೆ. ತೋಟದ ಆಳುಗಳ ಲೈನ್ ಮನೆಗಳಿಂದ, ಎಸ್ಟೇಟ್ ಬಂಗಲೆಗಳಿಂದ, ಪೇಟೆಯಿಂದ ಬಂದವರು ಪಾಪನಿವೇದನೆಗೆ ಸಾಲು ನಿಲ್ಲುತ್ತಾರೆ. ಕನ್ನಡ, ಕೊಂಕಣಿ, ಮಲಯಾಳಂ, ತಮಿಳು ಎಲ್ಲವೂ ಆ ಸಾಲಿನಲ್ಲಿ ಕೇಳುತ್ತದೆ. ಬಹಳ ಕಾಲ ಚರ್ಚಿನ ಕಡೆ ತಲೆ ಹಾಕದ ಒಬ್ಬ ಆ ಸಾಲಿನ ಕೊನೆಯಲ್ಲಿ ಬಂದು ನಿಂತ ಅಂತಿಟ್ಟುಕೊಳ್ಳಿ. ನಮ್ಮಲ್ಲಿ ಯಾರಾದರೊಬ್ಬರು ತಿರುಗಿ, 'ಓಹೋ, ದಾರಿ ತಪ್ಪಿ ಬಂದ್ರಾ?' ಅನ್ನದೆ ಇರುವುದಿಲ್ಲ. ತಮಾಷೆಗೇ ಅಂದದ್ದು. ಅವನು ಸಾಲಿನಿಂದ ಜಾರಿ ಬೈಕ್ ಹತ್ತಿದರೆ ಯಾರಿಗೂ ಗೊತ್ತಾಗುವುದಿಲ್ಲ. ಗುರುಗಳ ಮುಂದೆ ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ, ಅದನ್ನು ಹೊರಗೆ ಬಿಡುವ ಗುರುವಿಗೆ ಧರ್ಮಸಭೆಯ ಕಾನೂನಿನಲ್ಲಿ ಅತಿ ಕಠಿಣ ಶಿಕ್ಷೆ ಇದೆ. ಸಾಲಿನಲ್ಲಿ ನಿಂತವರ ಬಾಯಿಗೆ ಅಂಥ ಕಾನೂನಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಬರಬೇಕೆಂದಿದ್ದು ಹೇಗೆಂದು ತಿಳಿಯದವರಿಗೆ ಎರಡು ಮಾತು. ಹಿಂದಿನ ಪಾಪನಿವೇದನೆ ಯಾವಾಗ ಆಯಿತೆಂದು ಸರಿಯಾಗಿ ನೆನಪಿಲ್ಲದಿದ್ದರೆ ಅಂದಾಜು ಹೇಳಿದರೆ ಸಾಕು. ಪ್ರಾರ್ಥನೆ ಮರೆತಿದ್ದರೆ ಗುರುಗಳೇ ಹೇಳಿಕೊಡುತ್ತಾರೆ. ಭಾಷಣ ತಯಾರಿ ಮಾಡಿಕೊಂಡು ಬರುವುದು ಬೇಡ. ಶುಭ ಶುಕ್ರವಾರ ನಮ್ಮ ಯಾವ ದೇವಾಲಯದಲ್ಲೂ ಬಲಿಪೂಜೆ ಇರುವುದಿಲ್ಲ, ಪೀಠದ ಮೇಲಿನ ಬಟ್ಟೆಯನ್ನೂ ತೆಗೆದಿರುತ್ತಾರೆ. ಮದುವೆಯಿಲ್ಲ, ಗುರುದೀಕ್ಷೆಯಿಲ್ಲ. ಆದರೆ ಪಾಪನಿವೇದನೆಗೆ ಮಾತ್ರ ಅಂದೂ ಅಡ್ಡಿಯಿಲ್ಲ, ಶನಿವಾರವೂ ಅಡ್ಡಿಯಿಲ್ಲ. ತೋಟದ ಕೆಲಸ ಮುಗಿಸಿ ಸಂಜೆ ಬರುವುದಾದರೆ ಮೊದಲೇ ಫಾದರ್‌ಗೆ ಒಂದು ಫೋನ್ ಮಾಡಿ, ಯಾವ ಹೊತ್ತಿಗೆ ಸಿಗುತ್ತಾರೆಂದು ಹೇಳುತ್ತಾರೆ.